ಮನೆಮಾತು: ಚಳಿಗಾಲಕ್ಕೆ ಬರುವ ಹಿರಿಯರು

ತುಳಸಿಯ ಲಗ್ನ ಮುಗಿದು ಕಾರ್ತಿಕದ ದೀಪಗಳು ಆರುವ ಹೊತ್ತಿಗೆ ಮುಂಬಯಿಯ ಕನ್ನಡ ಮನೆಗಳಲ್ಲಿ ಹಾಸಿಗೆಗಳು ಹೆಚ್ಚಾಗುತ್ತವೆ. ಶರಾವತಿ, ಚಾಲುಕ್ಯ ಮೊದಲಾದ ಗಾಡಿಗಳಿಂದ ದಾದರದಲ್ಲಿ ಇಳಿಯುವವರಲ್ಲಿ ಉಣ್ಣೆಯ ಟೊಪ್ಪಿಗೆ ತೊಟ್ಟ ಅಜ್ಜಂದಿರೂ ಶಾಲು ಹೊದ್ದ ಅಜ್ಜಿಯರೂ ಈ ದಿನಗಳಲ್ಲಿ ಮಿಕ್ಕ ಕಾಲಕ್ಕಿಂತ ಹೆಚ್ಚು ಕಾಣಸಿಗುತ್ತಾರೆ. ಧಾರವಾಡ ಕಡೆಯವರಾದರೆ ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ. ಮೈಸೂರು ಕಡೆಯವರಾದರೆ ಹುಳಿಪುಡಿ, ಹುರಿಗಾಳು, ಒಂದಿಷ್ಟು ಅವರೆಕಾಳು. ನೌಕರಿಯಿಂದ ನಿವೃತ್ತರಾಗಿ ಊರಿನಲ್ಲಿ ನೆಮ್ಮದಿಯಾಗಿರುವ ಈ ದಂಪತಿಗಳು ಎರಡು ಮೂರು ತಿಂಗಳು ಮಕ್ಕಳ ಬಳಿಯಿದ್ದು, ಚಳಿ ಕಳೆದ ಮೇಲೆ ಶಿವರಾತ್ರಿಯ ಸುಮಾರಿಗೆ ತಿರುಗಿ ಹೋಗುತ್ತಾರೆ. ನಮ್ಮ ಸದಸ್ಯರ ಮನೆಗಳಲ್ಲಿ ಈಗ ಇದೊಂದು ವಾರ್ಷಿಕ ಪದ್ಧತಿಯೇ ಆಗಿಬಿಟ್ಟಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಚಳಿಗಾಲಕ್ಕೆ ಮುಂಬಯಿಗೆ ಬರುವುದು ಹೊಸ ಸಂಗತಿಯಲ್ಲ. ಬ್ರಿಟಿಷರ ಆಳಿಕೆಯಲ್ಲಿ ಮುಂಬಯಿ ಪ್ರಾಂತದ ಗವರ್ನರರು ಬೇಸಗೆಯಲ್ಲಿ ಮಹಾಬಳೇಶ್ವರಕ್ಕೂ ಮಳೆಗಾಲದಲ್ಲಿ ಪುಣೆಗೂ ಹೋಗಿ, ಚಳಿಗಾಲಕ್ಕೆ ಮುಂಬಯಿಗೆ ಮರಳುತ್ತಿದ್ದರು. ದೊಡ್ಡವರು ಕಂಡುಕೊಂಡ ಸುಖವನ್ನು ನಮ್ಮ ಪೆನ್ಶನ್‌ದಾರರು ತಡವಾಗಿ ಕಂಡುಕೊಂಡರೆಂದರೂ ಸರಿಯೆ. ಸಮುದ್ರದ ನೀರು ಬೇಗ ಕಾಯುವುದಿಲ್ಲ, ಕಾದದ್ದು ಬೇಗ ಆರುವುದೂ ಇಲ್ಲ. ಹೀಗಾಗಿ ಅದರ ಮಗ್ಗುಲಲ್ಲಿರುವ ಊರಿಗೆ ರಾತ್ರಿಯ ಚಳಿ ಅಷ್ಟಾಗಿ ತಟ್ಟುವುದಿಲ್ಲ. ಮೂರು ಕಡೆ ನೀರಿರುವ ಕೊಲಾಬಾದಲ್ಲಿ ಜನೆವರಿಯ ರಾತ್ರಿಗಳ ಕನಿಷ್ಠ ಉಷ್ಣತೆ ಸರಾಸರಿ ೧೯ ಡಿಗ್ರಿಯ ಸುಮಾರಿಗಿರುತ್ತದೆ. ಉಪನಗರದ ಸಾಂತಾಕ್ರೂಜದಲ್ಲಿ ೧೭ರ ಸುಮಾರಿಗೆ. ಹಗಲಿನಲ್ಲಿ ಎರಡು ಕಡೆಗೂ ಮೂವತ್ತರ ಆಚೀಚೆ. ಧಾರವಾಡವು ಸಮುದ್ರಮಟ್ಟಕ್ಕಿಂತ ಸುಮಾರು ೭೫೦ ಮೀಟರ ಎತ್ತರದಲ್ಲಿದೆ, ಬೆಂಗಳೂರು ೯೨೦ ಮೀಟರ. ಅಲ್ಲಿಯ ಕುಳಿರ್ಗಾಳಿಗೆ ಮೊಣಕಾಲು ಹಿಡಿದುಕೊಂಡವರಿಗೆ, ಬೆಳಗಿನ ಜಾವದ ಕೆಮ್ಮಿನಿಂದ ನಿದ್ದೆಗೆಟ್ಟವರಿಗೆ ಇಲ್ಲಿಯ ಹವೆ ಔಷಧಿಯಂತೆ ಹಿತವಾಗುವುದುಂಟು. ಮುಂಬಯಿಗೂ ಒಮ್ಮೊಮ್ಮೆ ನಡುಕ ಬರುತ್ತದೆನ್ನುವುದು ಬೇರೆ ಮಾತು. ೧೯೬೨ರ ಜನೆವರಿಯಲ್ಲಿ ಸಾಂತಾಕ್ರೂಜದಲ್ಲಿ ಉಷ್ಣತೆ ೭.೪ ಡಿಗ್ರಿಗೆ ಇಳಿದಿತ್ತು. ಬೆಂಗಳೂರಿನ ದಾಖಲೆಯಾದ ೧೮೮೪ರ ೭.೮ ಡಿಗ್ರಿಗಿಂತಲೂ ಇದು ಕಡಿಮೆ. ಆದರೆ ಅಂಥ ದಿನಗಳು ಅಪರೂಪ.

ಅದಲ್ಲದೆ ಉತ್ತರ ಕರ್ನಾಟಕದ ಹಿರಿಯರಿಗೆ ಮುಂಬಯಿ ಪರಸ್ಥಳವೇನೂ ಅಲ್ಲ. ೧೯೫೬ರ ನವೆಂಬರ ೧ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಕೂಡ ೧೯೪೯ರಲ್ಲಿ ಮುಂಬಯಿಯಲ್ಲಿಯೇ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಹೋಯಿತು. ಈಗ ಎಂಬತ್ತು ದಾಟಿದ ಅಜ್ಜಂದಿರಲ್ಲಿ ಅನೇಕರು ಆ ಕಾಲದಲ್ಲಿ ಹುಟ್ಟಿದವರು. ತಮ್ಮ ತಂದೆಯವರು ಕಚೇರಿಯ ಕೆಲಸಕ್ಕಾಗಿ ಮುಂಬಯಿಗೆ ಹೋಗಿ ಬಂದ ಕಥೆಗಳನ್ನು ಕೇಳುತ್ತ ಬೆಳೆದವರು.

ಇಷ್ಟೆಲ್ಲ ಅನುಕೂಲವಿದ್ದೂ, ಮೂರು ತಿಂಗಳಿಗೆಂದು ಬಂದವರು ಮೂರು ವಾರಕ್ಕೆ ಊರ ಧ್ಯಾನ ಮಾಡತೊಡಗುತ್ತಾರೆ. ನಾವು ವಿಚಾರ ಮಾಡಬೇಕಾದದ್ದು ಇದನ್ನೇ. ಮೊದಲ ವಾರ ಸಂಭ್ರಮದಲ್ಲಿ ಕಳೆಯುತ್ತದೆ. ಎರಡನೆಯ ವಾರ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ನೆಂಟರ ಮನೆ ಆಗುತ್ತದೆ. ಮೂರನೆಯ ವಾರ ಮಗ ಎಂಟಕ್ಕೆ ಹೊರಡುತ್ತಾನೆ, ಸೊಸೆ ಎಂಟೂವರೆಗೆ, ಮಕ್ಕಳು ಅದಕ್ಕೂ ಮೊದಲೇ. ಹೋಗುವಾಗ ಮಗ ಹೇಳುವ ಮಾತು ಒಂದೇ: “ಅಪ್ಪಾ, ಯಾರು ಬಂದರೂ ಬಾಗಿಲಾ ತಗೀಬ್ಯಾಡ್ರಿ.” ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ಅರವತ್ತು ವರ್ಷ ಹಗಲೆಲ್ಲ ಮನೆಯ ಬಾಗಿಲನ್ನು ತೆರೆದಿಟ್ಟು ಬದುಕಿದವರಿಗೆ ಅದು ಹೇಗೆ ಕೇಳಿಸೀತು? ಊರಲ್ಲಿ ಆ ಯಜಮಾನರು ಬೆಳಿಗ್ಗೆ ಹೊರಬಿದ್ದರೆ ನಾಲ್ವರು ನಮಸ್ಕಾರವೆನ್ನುವರು. ಮಾಸ್ತರರೆಂದೋ ಮಾಮಲೇದಾರರೆಂದೋ ಗುರುತಿಸುವರು. ಇಲ್ಲಿ ಏಳನೆಯ ಮಾಳಿಗೆಯಲ್ಲಿ ಅವರು ‘ಏಳುನೂರಾ ಮೂರರವರ ತಂದೆ’ ಮಾತ್ರ. ಊರಲ್ಲಿ ಆ ತಾಯಿಯವರ ಮಾತಿಲ್ಲದೆ ಅಡಿಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿರಲಿಲ್ಲ. ಇಲ್ಲಿ ಸೊಸೆ ಬಹು ಒಳ್ಳೆಯ ಮನಸ್ಸಿನಿಂದ, “ಅತ್ಯಾರ, ನೀವ್ಯಾಕ ಮಾಡ್ತೀರಿ, ಆರಾಮ ಕೂಡ್ರಿ” ಎನ್ನುತ್ತಾಳೆ. ಕುಳಿತು ಕುಳಿತು ಬೇಸರಬಂದರೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಹೀಗೆ ಚಳಿಯಿಂದ ಪಾರಾದವರು ಒಂಟಿತನಕ್ಕೆ ಸಿಕ್ಕಿಬಿಡುತ್ತಾರೆ. ಠಾಣೆಯ ಖಾರಿಗೆ ಚಳಿಗಾಲದಲ್ಲಿ ಸಾವಿರಾರು ರಾಜಹಂಸಗಳು, ಎಂದರೆ ಫ್ಲಮಿಂಗೊ ಹಕ್ಕಿಗಳು ಬರುವುದನ್ನು ವಾಚಕರು ಬಲ್ಲರು. ಅವುಗಳಿಗಾಗಿ ೨೦೧೫ರಲ್ಲಿ ಅಲ್ಲಿ ಅಭಯಾರಣ್ಯವನ್ನು ಘೋಷಿಸಿದರು. ಆ ಹಕ್ಕಿಗಳು ಬೆಚ್ಚಗಿದೆಯೆಂದಷ್ಟೇ ಬರುವುದಿಲ್ಲ. ಅಲ್ಲಿಯ ಕೆಸರಿನಲ್ಲಿ ಅವುಗಳ ಆಹಾರವಿದೆಯೆಂದು ಬರುತ್ತವೆ. ಮನುಷ್ಯರ ವಿಷಯದಲ್ಲಿಯೂ ಹವೆಯೊಂದೇ ಸಾಲದು. ಕೈಗೆ ಒಂದು ಕೆಲಸ, ಕಾಲಿಗೆ ಒಂದು ದಾರಿ, ಬಾಯಿಗೆ ನಾಲ್ಕು ಕನ್ನಡ ಮಾತು, ಇಷ್ಟಿದ್ದರೆ ಮೂರು ತಿಂಗಳು ಮೂರು ವಾರದಂತೆ ಕಳೆಯುತ್ತವೆ. ಇವನ್ನು ಒದಗಿಸುವುದು ದುಡ್ಡಿನ ಪ್ರಶ್ನೆಯಲ್ಲ, ಲಕ್ಷ್ಯದ ಪ್ರಶ್ನೆ.

ಮೊದಲನೆಯದಾಗಿ, ಬಂದ ದಿನವೇ ತಂದೆಯವರ ಕೈಗೆ ಮನೆಯ ಬೀಗದ ಕೈ ಒಂದನ್ನು ಕೊಡಿರಿ. ತಾಯಿಯವರ ಕೈಗೂ ಒಂದನ್ನು ಕೊಟ್ಟರೆ ಇನ್ನೂ ಒಳ್ಳೆಯದು. ಕೈಯಿಲ್ಲದವನು ಅತಿಥಿ, ಇದ್ದವನು ಮನೆಯವನು. ಕಾವಲುಗಾರನಿಗೆ ಹಿರಿಯರ ಪರಿಚಯ ಮಾಡಿಸಿರಿ. ಲಿಫ್ಟಿನಲ್ಲಿ ಎರಡು ದಿನ ಜೊತೆಗೆ ಏರಿ ಇಳಿಯಿರಿ. ಅನೇಕರು ಅದರ ಅಂಜಿಕೆಯಿಂದಲೇ ಕೆಳಗಿಳಿಯುವುದನ್ನು ಬಿಟ್ಟಿರುತ್ತಾರೆ. ಮನೆಯ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ದೇವನಾಗರಿಯಲ್ಲಿ ಬರೆದ ಚೀಟಿಯೊಂದು ಅಂಗಿಯ ಜೇಬಿನಲ್ಲಿರಲಿ. ಬೆಳಗಾವಿ ಕಡೆಯವರು ಮರಾಠಿಯಲ್ಲಿ ದಾರಿ ಕೇಳಿಕೊಂಡಾರು; ಹಾಸನ, ತುಮಕೂರು ಕಡೆಯವರಿಗೆ ಈ ಚೀಟಿಯೇ ನಾಲಗೆ.

ಎರಡನೆಯದಾಗಿ, ಮನೆಯ ಒಂದು ಕೆಲಸವನ್ನು ಪೂರ್ತಿ ಅವರಿಗೇ ಬಿಡಿರಿ. ತರಕಾರಿಯ ಚೀಲ ಮಾವನವರ ಕೈಗೆ ಹೋಗಲಿ, ದುಡ್ಡನ್ನೂ ಅವರೇ ಕೊಡಲಿ. ಪೆನ್ಶನ್ನಿನ ಹಣದಿಂದ ಮೊಮ್ಮಕ್ಕಳಿಗೆ ಹಣ್ಣು ತಂದುಕೊಡುವ ಹಿರಿಯರನ್ನು “ನಿಮಗ್ಯಾಕ ಖರ್ಚು” ಎಂದು ತಡೆಯುವುದು ಉಪಕಾರವಲ್ಲ. ಮಾಟುಂಗಾ ನಿಲ್ದಾಣದ ಹೊರಗಿನ ಪೇಟೆಗೆ ಒಮ್ಮೆ ಕರೆದುಕೊಂಡು ಹೋದರೆ ನಮ್ಮ ಕಡೆಯ ತರಕಾರಿ, ಬಾಳೆಯ ಎಲೆ, ಹೂವು ಎಲ್ಲವನ್ನೂ ಕಂಡು ಅವರಿಗೆ ಅರ್ಧ ಊರೇ ಸಿಕ್ಕಂತಾಗುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಲದ ಸೀತನಿ ನೆನೆದು ನಿಟ್ಟುಸಿರು ಬಿಡುವ ವಿಜಾಪುರದವರಿಗೆ ಒಂದು ಗುಟ್ಟು ಹೇಳುತ್ತೇವೆ. ಗುಜರಾತಿ ಬಂಧುಗಳು ಹೆಚ್ಚಾಗಿರುವ ಉಪನಗರಗಳಲ್ಲಿ ಚಳಿಗಾಲಕ್ಕೆ ‘ಪೊಂಕ್’ ಮಾರಲು ಬರುತ್ತದೆ. ಅದು ಸೂರತ ಕಡೆಯ ಎಳೆಯ ಜೋಳದ ಸುಟ್ಟ ಕಾಳು, ಎಂದರೆ ನಮ್ಮ ಸೀತನಿಯೇ. ತಿಂದು ನೋಡಿ, ನಮ್ಮದೇ ಹೆಚ್ಚೆಂದು ವಾದಿಸುವ ಸುಖವನ್ನಾದರೂ ಅಜ್ಜನವರು ಪಡೆಯಲಿ.

ಕೆಲಸವೆಂದೆವು, ಆದರೆ ದುಡಿಸಿಕೊಳ್ಳಿರೆಂದು ಹೇಳಿಲ್ಲ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕಾಗಿದೆ. ಕೂಸನ್ನು ನೋಡುವವಳು ಬಿಟ್ಟುಹೋದಳೆಂದು ಅವಸರದಿಂದ ಟಿಕೀಟು ಕಳಿಸಿ, ಅದಕ್ಕೆ ‘ಚಳಿಗಾಲದ ವಿಶ್ರಾಂತಿ’ಯೆಂದು ಹೆಸರಿಡುವ ಮನೆಗಳೂ ನಮ್ಮಲ್ಲಿವೆ. ಮೊಮ್ಮಗುವನ್ನು ಆಡಿಸುವುದರಷ್ಟು ಸುಖ ಅಜ್ಜಿಗೆ ಬೇರೊಂದಿಲ್ಲ, ನಿಜ. ಹಾಗೆಂದು ಬೆಳಗಿನ ಎಂಟರಿಂದ ಸಂಜೆಯ ಎಂಟರವರೆಗೆ, ಎಪ್ಪತ್ತು ವರ್ಷದ ಸೊಂಟದ ಮೇಲೆ ಎರಡು ವರ್ಷದ ಮಗುವನ್ನು ಹೊರಿಸುವುದು ಯಾವ ಧರ್ಮ? ಗಂಡಹೆಂಡಿರಿಬ್ಬರೂ ದುಡಿಯದೆ ಈ ಊರಿನಲ್ಲಿ ಸಂಸಾರ ಸಾಗದೆಂಬುದನ್ನು ನಾವು ಬಲ್ಲೆವು. ಸಹಾಯ ಬೇಕಾಗಿದ್ದರೆ ಬಾಯಿಬಿಟ್ಟು ಕೇಳಿರಿ. ಎಷ್ಟು ಹೊತ್ತು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಉಳಿದ ಹೊತ್ತಿಗೆ ಬೇರೆ ಏರ್ಪಾಡಿರಲಿ. ಕೇಳಿ ಪಡೆದ ನೆರವಿನಲ್ಲಿ ಮನಸ್ತಾಪ ಹುಟ್ಟುವುದಿಲ್ಲ.

ಮಗಳ ಮನೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೊಟ್ಟ ಮಗಳ ಮನೆಯಲ್ಲಿ ನೀರು ಸಹ ಮುಟ್ಟಬಾರದೆಂಬ ಪದ್ಧತಿ ಹಿಂದೆ ಅನೇಕ ಮನೆತನಗಳಲ್ಲಿತ್ತು. ಮಗಳೊಬ್ಬಳೇ ಇರುವ ತಂದೆತಾಯಿಗಳು ಈಗ ಆಕೆಯ ಮನೆಗೆ ಬರುತ್ತಾರೆ, ಆದರೆ ಕೂತಲ್ಲಿ ಕೂಡುವುದಿಲ್ಲ. ಅಳಿಯಂದಿರು ಏನೆಂದುಕೊಂಡಾರೋ ಎಂಬ ಅಳುಕು ಅವರನ್ನು ಬಿಡುವುದಿಲ್ಲ. ತಂದೆತಾಯಿಗಳ ಪೋಷಣೆಯನ್ನು ಕುರಿತ ೨೦೦೭ರ ಕಾಯಿದೆ ಮಗನನ್ನೂ ಮಗಳನ್ನೂ ಸಮಾನವಾಗಿಯೇ ಎಣಿಸಿದೆ. ಕಾಯಿದೆ ಒಪ್ಪಿದ್ದನ್ನು ಮನಸ್ಸು ಒಪ್ಪುವಂತೆ ಮಾಡುವುದು ಅಳಿಯಂದಿರ ಕೈಯಲ್ಲಿದೆ. “ಮಾವಾರ, ಇನ್ನೊಂದು ತಿಂಗಳು ಇದ್ದು ಹೋಗ್ರಿ” ಎಂಬ ಮಾತು ಮಗಳ ಬಾಯಿಂದಲ್ಲ, ಅವರ ಬಾಯಿಂದ ಬರಬೇಕು.

ಇನ್ನು ಆರೋಗ್ಯದ ಮಾತು. ಬೆಚ್ಚಗಿನ ಹವೆಯೆಲ್ಲ ನಿರ್ಮಲವಾದ ಹವೆಯಲ್ಲ. ಚಳಿಗಾಲದ ರಾತ್ರಿ ಮುಂಬಯಿಯಲ್ಲಿ ಗಾಳಿ ಮಂದವಾಗುತ್ತದೆ. ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕುಳಿತು, ವಾಹನಗಳ ಹೊಗೆ, ಕಟ್ಟಡಗಳ ಧೂಳು ಎಲ್ಲವೂ ಕೆಳಗೇ ಉಳಿಯುತ್ತದೆ. ಬಿಸಿಲೇರಿ ಕಡಲಗಾಳಿ ಬೀಸಿದ ಮೇಲೆಯೇ ಅದು ತಿಳಿಯಾಗುವುದು. ೨೦೨೨ರ ಚಳಿಗಾಲದಲ್ಲಿ ಇದು ಬಹಳವಾಗಿ, ೨೦೨೩ರ ಅಕ್ಟೋಬರದಲ್ಲಿ ಮಹಾನಗರಪಾಲಿಕೆ ಕಟ್ಟಡದ ಧೂಳಿನ ಬಗ್ಗೆ ನಿಯಮಗಳನ್ನು ಹೊರಡಿಸಬೇಕಾಯಿತು. ಊರಲ್ಲಿ ನಸುಕಿನ ಐದು ಗಂಟೆಗೆ ತಿರುಗಾಡುವ ರೂಢಿಯಿದ್ದವರು ಇಲ್ಲಿ ಅದನ್ನು ಬಿಡಬೇಕು. ಬಿಸಿಲು ಕಂಡ ಮೇಲೆ ಒಂಬತ್ತರ ಸುಮಾರಿಗೆ, ಇಲ್ಲವೆ ಸಂಜೆ ಐದಕ್ಕೆ ಹೊರಬೀಳುವುದು ಲೇಸು. ದಮ್ಮು, ಹೃದಯದ ತೊಂದರೆ ಇದ್ದವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಂಡು, ಒಂದು ತಿಂಗಳ ಔಷಧಿಯನ್ನೂ ಅದರ ಚೀಟಿಯನ್ನೂ ಜೊತೆಗೆ ತರಲಿ.

ಕಾಗದಪತ್ರಗಳದೂ ಒಂದು ತಯಾರಿಯಿದೆ. ಪೆನ್ಶನ್ ಪಡೆಯುವವರು ತಾವು ಜೀವಂತವಾಗಿರುವ ಬಗ್ಗೆ ಪ್ರಮಾಣಪತ್ರ ಕೊಡಬೇಕಾದದ್ದು ಸಾಮಾನ್ಯವಾಗಿ ನವೆಂಬರದಲ್ಲಿ, ಎಂದರೆ ಸರಿಯಾಗಿ ಹೊರಡುವ ಹೊತ್ತಿಗೆ. ೨೦೧೪ರಲ್ಲಿ ಕೇಂದ್ರ ಸರಕಾರ ‘ಜೀವನ ಪ್ರಮಾಣ’ ಎಂಬ ವ್ಯವಸ್ಥೆಯನ್ನು ತಂದಂದಿನಿಂದ ಕೇಂದ್ರದ ನಿವೃತ್ತರು ಇದನ್ನು ಎಲ್ಲಿಂದಲಾದರೂ ಕೊಡಬಹುದು; ಮೊಮ್ಮಗನ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಉಳಿದವರು ತಮ್ಮ ಬ್ಯಾಂಕಿನಲ್ಲಿ ಕೇಳಿಕೊಂಡು ಗಾಡಿ ಹತ್ತಲಿ. ಎಪ್ಪತ್ತು ವರ್ಷ ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯ ಕಾರ್ಡು ಕೊಡುವುದು ೨೦೨೪ರ ಅಕ್ಟೋಬರದಲ್ಲಿ ಆರಂಭವಾಯಿತು. ಮಾಡಿಸಿದ್ದರೆ ಅದನ್ನು ತರಲಿ. ಮನೆಯ ಹತ್ತಿರ ಯೋಜನೆಗೆ ಸೇರಿದ ಆಸ್ಪತ್ರೆ ಯಾವುದೆಂದು ನೀವು ಮೊದಲೇ ವಿಚಾರಿಸಿಡಿರಿ. ರೇಲ್ವೆಯಲ್ಲಿ ಹಿರಿಯರಿಗಿದ್ದ ದರದ ರಿಯಾಯಿತಿ ೨೦೨೦ರ ಮಾರ್ಚಿನಲ್ಲಿ ನಿಂತಿತು. ಆದರೂ ಅರವತ್ತು ದಾಟಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ಥು ಕೊಡುವ ಪದ್ಧತಿಯಿದೆ. ೨೦೨೪ರ ನವೆಂಬರದಿಂದ ಟಿಕೀಟನ್ನು ೬೦ ದಿನ ಮೊದಲು ತೆಗೆಯಬಹುದಾಗಿದೆ. ಮೊದಲು ೧೨೦ ದಿನವಿತ್ತು. ದಿನ ಎಣಿಸಿಟ್ಟುಕೊಂಡವರಿಗೆ ಮಾತ್ರ ಕೆಳಗಿನ ಬರ್ಥು.

ಮೂರು ತಿಂಗಳು ಕಡಲೂರಿನಲ್ಲಿದ್ದು ಕಡಲನ್ನು ಒಮ್ಮೆ ಮಾತ್ರ, ಅದೂ ಮೋಟಾರಿನ ಕಿಡಿಕಿಯಿಂದ ಕಂಡು ಹೋದ ಹಿರಿಯರನ್ನು ನಾವು ಬಲ್ಲೆವು. ವಾರಕ್ಕೊಮ್ಮೆಯಾದರೂ ಅವರನ್ನು ದಂಡೆಗೆ ಕರೆದೊಯ್ಯಿರಿ. ದಾದರದ ಚೌಪಾಟಿ, ಜುಹೂ, ಬಾಂದ್ರಾ, ಯಾವುದು ಹತ್ತಿರವೋ ಅದು ಸಾಕು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು (೧೯೨೮–೨೦೧೪) ಬಾಂದ್ರಾದಲ್ಲಿ ಇದೇ ಕಡಲಿಗೆ ಎದುರಾಗಿ ನೆಲಸಿ ಬರೆದರೆಂದು ಓದುವ ಹವ್ಯಾಸವಿದ್ದವರಿಗೆ ಹೇಳಿರಿ. ಕಾಲಲ್ಲಿ ಬಲವಿದ್ದವರು ಘಾರಾಪುರಿಯ ಗುಹೆಗಳಿಗೆ ಹೋಗಬಹುದು. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ತಾಸು, ಆಮೇಲೆ ನೂರಿಪ್ಪತ್ತು ಮೆಟ್ಟಿಲು. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ೨೦೨೪ರ ಡಿಸೆಂಬರ ೧೮ರ ದೋಣಿಯ ದುರಂತವನ್ನು ನೆನೆದು, ಜೀವರಕ್ಷಕ ಕವಚವನ್ನು ತೊಟ್ಟೇ ಕೂಡತಕ್ಕದ್ದು. ಬಾದಾಮಿಯ ಚಾಲುಕ್ಯ ಎರಡನೆಯ ಪುಲಕೇಶಿ ಪಡುಗಡಲಿನ ಪುರಿಯನ್ನು ನೌಕೆಗಳಿಂದ ಮುತ್ತಿದನೆಂದು ಕ್ರಿ.ಶ. ೬೩೪ರ ಐಹೊಳೆಯ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ. ಬಾಗಿಲಕೋಟೆ ಕಡೆಯ ನಿವೃತ್ತ ಮಾಸ್ತರರಿಗೆ ಇದಕ್ಕಿಂತ ಒಳ್ಳೆಯ ತಿರುಗಾಟ ಇನ್ನಾವುದಿದ್ದೀತು?

ಈ ಮೂರು ತಿಂಗಳಿಂದ ಹಿರಿಯರಿಗಾಗುವ ಲಾಭಕ್ಕಿಂತ ನಮಗಾಗುವ ಲಾಭ ದೊಡ್ಡದು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಹಿಂದಿ, ಬಸ್ಸಿನಲ್ಲಿ ಮರಾಠಿ ಆಡುತ್ತಾರೆ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವರು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೂ ನಡೆಯುತ್ತದೆ, ಏಕೆಂದರೆ ನಮಗೆ ಅದು ತಿಳಿಯುತ್ತದೆ. ಅಜ್ಜಿಗೆ ಅದು ನಡೆಯುವುದಿಲ್ಲ. ಅಜ್ಜಿಯ ಕೈಯಿಂದ ಉಂಡಿ ಬೇಕೆಂದರೆ ಕನ್ನಡದಲ್ಲೇ ಕೇಳಬೇಕು. ವರ್ಷದಲ್ಲಿ ಒಂಬತ್ತು ತಿಂಗಳು ನಾವು ಬುದ್ಧಿ ಹೇಳಿ ಕಲಿಸಲಾಗದ ಭಾಷೆ ಮೂರು ತಿಂಗಳಲ್ಲಿ ಹೀಗೆ ತಾನಾಗಿ ಬರುತ್ತದೆ. ಮಕ್ಕಳ ಟ್ಯೂಶನ್ನುಗಳ ನಡುವೆ ದಿನಕ್ಕೆ ಒಂದು ತಾಸನ್ನು ಅಜ್ಜನಿಗೆಂದು ಕಾಯ್ದಿಡಿರಿ. ಹಿಂದೆ ಹೋಟೆಲಿನ ಹುಡುಗರು ಹಗಲು ದುಡಿದು ರಾತ್ರಿಯ ಶಾಲೆಗಳಲ್ಲಿ ಕನ್ನಡ ಕಲಿತ ಊರಿದು. ಹಗಲಿಡೀ ಬಿಡುವಾಗಿರುವ ಮಾಸ್ತರರನ್ನೇ ಮನೆಯಲ್ಲಿಟ್ಟುಕೊಂಡು ಮಕ್ಕಳಿಗೆ ಅಕ್ಷರ ತಿಳಿಯದಿದ್ದರೆ ತಪ್ಪು ಮಕ್ಕಳದಲ್ಲ.

ಕೊನೆಯದಾಗಿ, ತಿರುಗಿ ಹೋಗುವ ದಿನವನ್ನು ಬರುವಾಗಲೇ ಗೊತ್ತುಮಾಡಿರಿ. ಕೆಲವರಿಗೆ ಇದು ಒರಟೆನಿಸಬಹುದು. ಆದರೆ ಊರಲ್ಲಿ ಮನೆಗೆ ಬೀಗ ಹಾಕಿ ಬಂದವರ ಜೀವ ಅರ್ಧ ಅಲ್ಲಿಯೇ ಇರುತ್ತದೆ: ತುಳಸಿಗೆ ನೀರು ಹಾಕಿದರೋ ಇಲ್ಲವೋ, ಹಿತ್ತಲ ಬಾಗಿಲು ಭದ್ರವಿದೆಯೋ ಇಲ್ಲವೋ. ಹೋಗುವ ಟಿಕೀಟು ಪೆಟ್ಟಿಗೆಯಲ್ಲಿದ್ದರೆ ಮನಸ್ಸು ನಿಲ್ಲುತ್ತದೆ. ತನ್ನದೊಂದು ಮನೆಯಿದೆ, ತಾನು ಅಲ್ಲಿಯ ಯಜಮಾನ ಎಂಬ ಧೈರ್ಯವಿದ್ದವರು ಮಗನ ಮನೆಯಲ್ಲಿ ನಗುತ್ತ ಇರಬಲ್ಲರು. “ಇನ್ನ ಊರಿನ ಮನಿ ಯಾಕ, ಮಾರಿಬಿಡ್ರಿ” ಎಂಬ ಮಾತನ್ನು ಚಳಿಗಾಲದ ಊಟದ ಹೊತ್ತಿನಲ್ಲಿ ದಯವಿಟ್ಟು ಎತ್ತಬೇಡಿರಿ. ಆ ವಿಚಾರ ಎಂದಾದರೂ ಬರಬಹುದು. ಬಂದಾಗ ಅದನ್ನು ಅವರೇ ಎತ್ತಲಿ.

ಮನೆಯವರು ಮಾಡತಕ್ಕದ್ದನ್ನು ಹೇಳಿದ್ದಾಯಿತು. ಸಂಘ ಮಾಡತಕ್ಕದ್ದೂ ಇದೆ. ಮಾಟುಂಗಾದಲ್ಲಿ ೧೯೨೬ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು, ೧೯೩೩ರಲ್ಲಿ ಕರ್ನಾಟಕ ಸಂಘ. ಮುಂದೆ ಉಪನಗರಗಳಲ್ಲೆಲ್ಲ ಸಂಘಗಳು ಹುಟ್ಟಿದವು. ಊರು ಬಿಟ್ಟು ಬಂದ ತರುಣರಿಗೆ ಜೊತೆ ಬೇಕೆಂದು ಹುಟ್ಟಿದ ಸಂಸ್ಥೆಗಳಿವು. ಇಂದು ಆ ಜೊತೆ ಬೇಕಾದವರು ತರುಣರ ತಂದೆತಾಯಿಗಳು. ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಈ ಚಳಿಗಾಲಕ್ಕೆ ನಿಮ್ಮ ಮನೆಗೆ ಬಂದಿರುವ ಹಿರಿಯರ ಹೆಸರು, ಊರು, ನಿಮ್ಮ ಬಡಾವಣೆ ಇವನ್ನು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿರಿ. ಅಕ್ಕಪಕ್ಕದ ಬಡಾವಣೆಗಳಲ್ಲಿರುವ ನಾಲ್ಕಾರು ದಂಪತಿಗಳನ್ನು ಪರಸ್ಪರ ಪರಿಚಯಿಸಿ, ವಾರಕ್ಕೊಂದು ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಕೂಡಿಸುವುದು ಸುಲಭಸಾಧ್ಯ. ಭಾಷಣವಿಲ್ಲ, ಹಾರತುರಾಯಿಯಿಲ್ಲ, ಚಹವೋ ಕಾಫಿಯೋ, ಒಂದು ಬಟ್ಟಲು ಚುರಮುರಿ, ಊರಿನ ಸುದ್ದಿ. ಹುಬ್ಬಳ್ಳಿಯವರೂ ಹಾಸನದವರೂ ಒಂದೆಡೆ ಕುಳಿತರೆ ಮೊದಲ ದಿನ ಒಬ್ಬರ ಕನ್ನಡ ಇನ್ನೊಬ್ಬರಿಗೆ ಸ್ವಲ್ಪ ಗಡುಸೆನಿಸೀತು. ಎರಡನೆಯ ವಾರಕ್ಕೆ ಗುರೆಳ್ಳಿನ ಪುಡಿಯೂ ಹುಳಿಪುಡಿಯೂ ಅದಲುಬದಲಾಗುತ್ತವೆ.

ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಈ ಸಲ ಅವರ ಕೈಯಿಂದಲೇ ಬೀರಿಸಿರಿ. ಪಕ್ಕದ ಮನೆಯ ಮರಾಠಿ ಬಂಧುಗಳು ತಿಳಗುಳ ತರುವರು. ನಮ್ಮ ಅಜ್ಜಿಯರು ಕುಸುರೆಳ್ಳು ಕೊಡುವರು. ಬಾಗಿಲು ತೆರೆಯುವುದಕ್ಕೆ ಅಷ್ಟು ನೆವ ಸಾಕು.